ಆಯಿಯ ಹೆಸರಿನ ಎಕ್ಸ್

ನಮ್ಮ ಆಯಿ, ಅಂದರೆ ಅಮ್ಮ, ಹುಟ್ಟಿಯೇ ಇಲ್ಲ ಅಂತ ಗೊತ್ತಾಗಿದ್ದು 2014ರ ಸೆಪ್ಟೆಂಬರ್‌ನಲ್ಲಿ. ಕಾಗದದ ಮೇಲೆ, ಅಷ್ಟೇ. ಆಯಿ ಅವತ್ತು ನನ್ನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತು, ಮನೆಯಿಂದ ತಂದ ಅವಲಕ್ಕಿ ಡಬ್ಬಿ ಬಿಚ್ಚುತ್ತಿದ್ದಳು. ಕೌಂಟರಿನ ಆಚೆ ಗೋವಾದ ಕಾಣಕೋಣ ತಾಲೂಕಿನ ಹಳೇ ಜನನ ರಿಜಿಸ್ಟರು. 1953ರ ಪುಸ್ತಕದಲ್ಲಿ ಶಾಂತಾ ಇಲ್ಲ. 1952 ನೋಡಿಸಿದೆ, 1954 ನೋಡಿಸಿದೆ. ಇಲ್ಲ.

ಜಮೀನಿನ ಕಾಗದಕ್ಕೆ ಕಾದು ಕೂತಿದ್ದ ಅಜ್ಜ ಒಬ್ಬರು ಅಷ್ಟೂ ಹೊತ್ತು ನೋಡುತ್ತಿದ್ದವರು ಕೊನೆಗೆ ಬಾಯಿ ಬಿಟ್ಟರು. “ಎಸ್‌ನಲ್ಲಿ ಯಾಕೆ ಹುಡುಕ್ತೀಯೋ ಮಾರಾಯಾ? ಎಕ್ಸ್‌ನಲ್ಲಿ ನೋಡು. ಪೋರ್ಚುಗೀಸರಿಗೆ ಶ ಅಂದ್ರೆ ಎಕ್ಸ್.”

ಎಕ್ಸ್‌ನಲ್ಲಿ ಸಿಕ್ಕಳು. ಕಂದು ಬಣ್ಣಕ್ಕೆ ತಿರುಗಿದ ಶಾಯಿ, ಓರೆ ಅಕ್ಷರ, ಎಕ್ಸ್‌ನಿಂದ ಶುರುವಾಗುವ ಶಾಂತಾ. ಅವಳ ಅಪ್ಪನ ಹೆಸರಿನ ಮುಂದಿದ್ದ ನಾಯ್ಕ ಕೂಡ ನಮ್ಮ ನಾಯ್ಕ ಅಲ್ಲ, ಕೊನೆಯಲ್ಲಿ ‘ಕ್ಯೂ ಯು ಇ’ ಬಂದು ಕೂತಿತ್ತು. ನಾನು ಆಯಿಗೆ ತೋರಿಸಿದೆ. ಆಯಿ ಕನ್ನಡಕ ಏರಿಸಿ ನೋಡಿ, “ಇದು ಯಾರು?” ಅಂದಳು.

ನಾವು ಅಲ್ಲಿಗೆ ಹೋಗಿದ್ದು ಯಾಕೆ ಅಂತ ಕಾರವಾರದವರಿಗೆ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಗೋವಾ ಭಾರತಕ್ಕೆ ಸೇರಿದ್ದು 1961ರ ಡಿಸೆಂಬರ್ 19ಕ್ಕೆ. ಆದರೆ ಅದನ್ನು ಪೋರ್ಚುಗಲ್ ಒಪ್ಪಿ ಸಹಿ ಹಾಕಿದ್ದು 1974ರ ಡಿಸೆಂಬರ್ 31ಕ್ಕೆ. 1961ರ ಆ ದಿನಕ್ಕಿಂತ ಮೊದಲು ಗೋವಾದಲ್ಲಿ ಹುಟ್ಟಿದವರು ಪೋರ್ಚುಗೀಸ್ ನೆಲದಲ್ಲಿ ಹುಟ್ಟಿದ ಪೋರ್ಚುಗೀಸರು ಅಂತಲೇ ಅವರ ಕಾನೂನು ನೋಡುತ್ತದೆ. ಅಂಥವರು ತಮ್ಮ ಜನನವನ್ನು ಲಿಸ್ಬನ್‌ನ ಕೇಂದ್ರ ರಿಜಿಸ್ಟರಿಗೆ ಏರಿಸಿಕೊಳ್ಳಬಹುದು. ಆಮೇಲೆ ಮಕ್ಕಳೂ ಕೇಳಬಹುದು. ಪೋರ್ಚುಗಲ್ 1986ರಲ್ಲಿ ಯುರೋಪಿನ ಒಕ್ಕೂಟ ಸೇರಿತಲ್ಲ, ಹಾಗಾಗಿ ಆ ಪಾಸ್‌ಪೋರ್ಟ್ ಇದ್ದರೆ ಇಂಗ್ಲೆಂಡಿಗೆ ಹೋಗಿ ಕೆಲಸ ಮಾಡಲು ವೀಸಾ ಬೇಡ. ಬೇಡವಾಗಿತ್ತು ಅನ್ನಬೇಕು ಈಗ.

ನಾನು ಏಳು ವರ್ಷ ದೋಹಾದಲ್ಲಿದ್ದೆ. ಅಲ್ಲಿ ಪೌರತ್ವದ ಮಾತೇ ಬರುವುದಿಲ್ಲ, ಮೂವತ್ತು ವರ್ಷ ದುಡಿದವನೂ ಕೆಲಸ ಮುಗಿದ ದಿನ ಪೆಟ್ಟಿಗೆ ಕಟ್ಟಬೇಕು. ನನ್ನ ಕೆಲಸ 2013ರಲ್ಲಿ ಮುಗಿಯಿತು. ಗಡಿ ಪಕ್ಕದ ಮಾಜಾಳಿಯ ಗೆಳೆಯನೊಬ್ಬ ಆಗಲೇ ಇಂಗ್ಲೆಂಡಿನ ಸ್ವಿಂಡನ್‌ನ ಗೋದಾಮಿನಲ್ಲಿದ್ದ. “ನಿನ್ನ ಆಯಿ ಗೋವಾದವಳಲ್ವಾ? ಸುಮ್ನೆ ಕೂತಿದೀಯಲ್ಲ!” ಅಂದ. ನನಗೂ ತಮ್ಮನಿಗೂ ಅದೇ ಹುಳ ಹೊಕ್ಕಿತು.

ಮಡಗಾಂವ್‌ನ ಏಜೆಂಟ್ ಒಬ್ಬ 60,000 ರೂಪಾಯಿ ತಗೊಂಡು, ಆರು ತಿಂಗಳಲ್ಲಿ ಆಗುತ್ತದೆ ಅಂದ. ಆರು ತಿಂಗಳಲ್ಲಿ ಆಗಿದ್ದು ಇಷ್ಟೇ, ಅವನು ಫೋನ್ ಎತ್ತುವುದು ನಿಲ್ಲಿಸಿದ. ಆಮೇಲೆ ನಾವೇ ಓಡಾಡಿದೆವು. ಜನನದ ಪೂರ್ತಿ ನಕಲು ಬೇಕು, ಗೋವಾದವರು ಅದಕ್ಕೆ ತೆಯೋರ್ ಅನ್ನುತ್ತಾರೆ. ಅದಕ್ಕೆ ಅಪೋಸ್ಟಿಲ್ ಮುದ್ರೆ ಬೇಕು, ಬೇರೆ ದೇಶದಲ್ಲಿ ಕಾಗದ ನಡೆಯಲು ಸರ್ಕಾರ ಹಾಕುವ ಮುದ್ರೆ ಅದು. ಇಲ್ಲಿಯ ಕಾಗದಗಳಿಗೆ ಪೋರ್ಚುಗೀಸ್ ಅನುವಾದ ಬೇಕು. ಮದುವೆ ಕೂಡ ಅಲ್ಲಿ ದಾಖಲಾಗಬೇಕು. ಅದಿಲ್ಲದೆ ನಾವು ಯಾರ ಮಕ್ಕಳು ಅಂತ ಹೇಗೆ ಗೊತ್ತಾಗಬೇಕು?

ಈ ಮದುವೆಯದ್ದೇ ದೊಡ್ಡ ಕತೆ. ಆಯಿ–ಅಪ್ಪನ ಮದುವೆ ಆಗಿದ್ದು 1974ರಲ್ಲಿ, ಸದಾಶಿವಗಡದ ನಮ್ಮ ಮನೆಯ ಅಂಗಳದಲ್ಲಿ ಮಂಟಪ ಹಾಕಿ. ನೋಂದಣಿ ಯಾರಿಗೆ ಬೇಕಿತ್ತು ಆಗ? ಆದ್ದರಿಂದ 2015ರಲ್ಲಿ, ಮದುವೆಯಾಗಿ 41 ವರ್ಷ ಆದಮೇಲೆ, ಇಬ್ಬರನ್ನೂ ಕರೆದುಕೊಂಡು ಹೋಗಿ ಮದುವೆ ನೋಂದಣಿ ಮಾಡಿಸಿದೆವು. ಮೂವರು ಸಾಕ್ಷಿ. ಅಪ್ಪ ಇಸ್ತ್ರಿ ಹಾಕಿದ ಬಿಳಿ ಅಂಗಿ ಹಾಕಿಕೊಂಡಿದ್ದ. ಲಗ್ನಪತ್ರಿಕೆ ಇದೆಯಾ ಅಂತ ಕೇಳಿದರು. ಇತ್ತು, ಅದೃಷ್ಟಕ್ಕೆ ಆಯಿಯ ಟ್ರಂಕಿನ ತಳದಲ್ಲಿ, ಮಡಿಕೆಯಲ್ಲಿ ಹರಿದ ಗುಲಾಬಿ ಕಾಗದ. ಮರಾಠಿಯಲ್ಲಿತ್ತು, ಆಗ ನಮ್ಮ ಕಡೆ ಹಾಗೆಯೇ ಹೊಡೆಸುತ್ತಿದ್ದರು. ವಧುವಿನ ಹೆಸರು ಶಾಂತಾ.

ಆದರೆ ನಮ್ಮಲ್ಲಿ ಮದುವೆಯ ದಿನ ಹೆಣ್ಣಿನ ಹೆಸರು ಬದಲಿಸುತ್ತಾರೆ. ಅಕ್ಕಿಯ ಮೇಲೆ ಹೊಸ ಹೆಸರು ಬರೆಯುತ್ತಾರೆ, ಮುಗಿಯಿತು. ಆಯಿ ಅವತ್ತಿನಿಂದ ಸುನಂದಾ. ರೇಷನ್ ಕಾರ್ಡು, ವೋಟರ್ ಕಾರ್ಡು, ಆಧಾರ್, ಬ್ಯಾಂಕ್ ಪುಸ್ತಕ, ನಮ್ಮ ಶಾಲೆಯ ದಾಖಲೆ, ಎಲ್ಲದರಲ್ಲೂ ಸುನಂದಾ. ಎಕ್ಸ್ ಅಕ್ಷರದ ಶಾಂತಾ, ಮರಾಠಿ ಶಾಂತಾ, ಕನ್ನಡದ ಸುನಂದಾ ಮೂವರೂ ಒಬ್ಬಳೇ ಅಂತ ನೋಟರಿ ಎದುರು ಪ್ರಮಾಣ ಮಾಡಿ ಬರೆದುಕೊಟ್ಟಿದ್ದಾಯಿತು. ವಾಪಸ್ ಬರುವಾಗ ಅಪ್ಪ, “ನಾನು ಮೂರು ಮದುವೆ ಮಾಡ್ಕೊಂಡ ಹಾಗಾಯ್ತಲ್ಲ” ಅಂತ ನಕ್ಕ. ಆಯಿ ನಗಲಿಲ್ಲ. ಅವಳಿಗೆ ಬೇರೆ ಚಿಂತೆ ಶುರುವಾಗಿತ್ತು.

“ಇದನ್ನ ಮಾಡಿದ್ರೆ ನನ್ನ ವೋಟು ಹೋಗ್ತದಾ?”

ನಾನು ಇಲ್ಲ ಅಂದೆ. ನಿಜ ಹೇಳಬೇಕೆಂದರೆ ನನಗೆ ಗೊತ್ತಿರಲಿಲ್ಲ. ಬರೀ ಹೆಸರು ಏರಿಸಿದರೆ ಪೌರತ್ವ ಹೋಗುತ್ತದೋ, ಅಲ್ಲಿಯ ಗುರುತಿನ ಚೀಟಿ, ಪಾಸ್‌ಪೋರ್ಟ್ ತಗೊಂಡರೆ ಮಾತ್ರ ಹೋಗುತ್ತದೋ, ಇದರ ಬಗ್ಗೆ ಗೋವಾದಲ್ಲಿ ವರ್ಷಗಟ್ಟಲೆ ಜಗಳ, ಕೋರ್ಟು. ಪಾಸ್‌ಪೋರ್ಟಿನ ವಿಷಯದಲ್ಲಿ ಮಾತ್ರ ಜಗಳವಿಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರನಾದವನು ಭಾರತದವನಲ್ಲ. ಬೇರೆ ಪಾಸ್‌ಪೋರ್ಟ್ ತಗೊಂಡಿದ್ದೇ ಅದಕ್ಕೆ ಸಾಕ್ಷಿ. ಎರಡು ದೋಣಿಯಲ್ಲಿ ಕಾಲಿಡಲು ನಮ್ಮಲ್ಲಿ ಅವಕಾಶವಿಲ್ಲ.

ಆಯಿಯ ಭಯ ಎಲ್ಲಿಂದ ಬಂತು ಅಂತ ನನಗೆ ಆಮೇಲೆ ಅರ್ಥವಾಯಿತು. ಅವಳ ಆಯಿ, ಅಂದರೆ ನನ್ನ ಅಜ್ಜಿ, ಮಾಜಾಳಿಯವಳು. ಮದುವೆಯಾಗಿ ಹೋಗಿದ್ದು ಗಡಿಯಾಚೆಗೆ, ನಡೆದರೆ ಅರ್ಧ ದಿನದ ದಾರಿ. ಆಗ ಅದು ಗಡಿ ಅಂತ ಯಾರಿಗೂ ಅನಿಸಿರಲಿಲ್ಲವಂತೆ. ಮೀನು, ತೆಂಗಿನಕಾಯಿ, ಸೊಸೆಯಂದಿರು ಎಲ್ಲ ಆಚೀಚೆ ಆಗುತ್ತಿದ್ದವು. 1954–55ರ ಹೊತ್ತಿಗೆ ಸತ್ಯಾಗ್ರಹ, ಗೋಲಿಬಾರು, ಭಾರತ ಸರ್ಕಾರದ ಆರ್ಥಿಕ ದಿಗ್ಬಂಧನ ಎಲ್ಲ ಆಗಿ ದಾರಿ ಮುಚ್ಚಿತು. ದಾಟಲು ಪರವಾನಗಿ ಬೇಕು. ಅಜ್ಜಿ ಆರು ವರ್ಷ ತವರಿಗೆ ಬರಲಿಲ್ಲ. ಅವಳ ಅಪ್ಪ ಸತ್ತ ಸುದ್ದಿ ತಲುಪಿದ್ದೇ ಹದಿನೈದು ದಿನ ಕಳೆದ ಮೇಲೆ, ರಾತ್ರಿ ಹೊತ್ತು ದೋಣಿಯಲ್ಲಿ ಸಕ್ಕರೆ ದಾಟಿಸುವವನೊಬ್ಬನ ಕೈಯಲ್ಲಿ. 1961ರ ನವೆಂಬರ್‌ನಲ್ಲಿ ಅಂಜುದೀವ್ ದ್ವೀಪದಿಂದ ಪೋರ್ಚುಗೀಸರು ಸಾಬರಮತಿ ಹಡಗಿನ ಮೇಲೆ ಗುಂಡು ಹಾರಿಸಿದ್ದು ಕಾರವಾರದ ಹಳಬರಿಗೆಲ್ಲ ಗೊತ್ತು. ದ್ವೀಪ ಇರುವುದು ನಮ್ಮ ಕಾರವಾರದ ಎದುರಿಗೇ, ಲೆಕ್ಕಕ್ಕೆ ಮಾತ್ರ ಗೋವಾದ್ದು. ಮುಂದಿನ ತಿಂಗಳು ಸೈನ್ಯ ಹೋಯಿತು, ಮೂರು ದಿನದೊಳಗೆ ಎಲ್ಲ ಮುಗಿಯಿತು.

1962ರ ಮಾರ್ಚ್ 28ಕ್ಕೆ ದೆಹಲಿಯಿಂದ ಒಂದು ಆದೇಶ ಬಂತು. ತಾನು, ಇಲ್ಲವೇ ತನ್ನ ಅಪ್ಪ–ಅಮ್ಮ, ಅಜ್ಜ–ಅಜ್ಜಿ 1961ರ ಡಿಸೆಂಬರ್ 20ಕ್ಕಿಂತ ಮೊದಲು ಗೋವಾ, ದಮನ್, ದಿಯುವಿನಲ್ಲಿ ಹುಟ್ಟಿದ್ದರೆ ಆ ದಿನದಿಂದ ಭಾರತೀಯರು. ಬೇಡ, ಪೋರ್ಚುಗೀಸರಾಗಿಯೇ ಇರುತ್ತೇವೆ ಅನ್ನುವವರು ಒಂದು ತಿಂಗಳೊಳಗೆ ಬರೆದುಕೊಡಬೇಕು. ಓದು ಬರಹ ಇಲ್ಲದ ಅಜ್ಜಿಗೆ ಯಾವ ಆದೇಶವೂ ಗೊತ್ತಾಗಲಿಲ್ಲ, ಗದ್ದೆ ನೆಟ್ಟಳು, ಭಾರತೀಯಳಾದಳು. ಎಂಟು ವರ್ಷದ ಆಯಿಯೂ ಜೊತೆಗೆ.

ಬರೆದುಕೊಟ್ಟವರಲ್ಲಿ ಮೊಂತೇರೊ ಎಂಬ ಪಾದ್ರಿ ಒಬ್ಬರಿದ್ದರು. ಪೋರ್ಚುಗೀಸ್ ಪೌರತ್ವ ಇಟ್ಟುಕೊಂಡರು, ಗೋವಾದಲ್ಲೇ ಉಳಿದರು. ವಿದೇಶಿ ಅಂತ ನೋಂದಾಯಿಸಿಕೊಂಡು, 1964ರ ನವೆಂಬರ್‌ವರೆಗೆ ಇರಲು ಪರವಾನಗಿ ಸಿಕ್ಕಿತು. ಅದು ಮುಗಿದ ಮೇಲೂ ಹೋಗಲಿಲ್ಲ. ವಿದೇಶಿಯರ ಕಾಯ್ದೆಯಡಿ ಕೇಸಾಯಿತು, 30 ದಿನ ಜೈಲು, 50 ರೂಪಾಯಿ ದಂಡ. ಸುಪ್ರೀಂ ಕೋರ್ಟಿನವರೆಗೆ ಹೋದರು, ಯುದ್ಧದಲ್ಲಿ ವಶವಾದ ನಾಡಿನ ಜನರಿಗಿರುವ ಜಿನೀವಾ ಒಪ್ಪಂದದ ರಕ್ಷಣೆ ತಮಗಿದೆ ಅಂದರು. 1969ರಲ್ಲಿ ಕೋರ್ಟ್ ಒಪ್ಪಲಿಲ್ಲ. ಕಾಗದಕ್ಕೆ ಕಾಯುವ ದಿನಗಳಲ್ಲಿ ನಾನು ಈ ತೀರ್ಪನ್ನು ಎರಡು ಸಲ ಓದಿದೆ. ಕಾನೂನಿನ ಮಾತು ತಲೆಗೆ ಹತ್ತಲಿಲ್ಲ, ಇದ್ದ ಊರಲ್ಲೇ ಇದ್ದಿದ್ದಕ್ಕೆ ‘ಅವಧಿ ಮೀರಿ ತಂಗಿದ’ ಅಂತ ಜೈಲು ಅನ್ನುವುದು ಮಾತ್ರ ತಲೆಯಲ್ಲಿ ಕೂತುಬಿಟ್ಟಿತು.

ಲಿಸ್ಬನ್‌ಗೆ ಕಾಗದ ಹೋದ ಮೇಲೆ ಒಂದು ವರ್ಷ ಸುದ್ದಿಯಿಲ್ಲ. ಆಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ಆಯಿಯ ಸಂಬಂಧಿ ಮಾಮಾ ಒಬ್ಬರ ಜೊತೆ ಫೋನಿನಲ್ಲಿ ಮಾತಾಡಲು ಶುರು ಮಾಡಿದೆ. ಅವರು ಹುಟ್ಟಿದ್ದು ಕೀನ್ಯಾದ ನೈರೋಬಿಯಲ್ಲಿ, ಬ್ರಿಟಿಷರ ಕಾಲದಲ್ಲಿ. ಹಾಗಾಗಿ ಬ್ರಿಟಿಷ್ ಪಾಸ್‌ಪೋರ್ಟ್. ನಾನು ಅವರಿಗೆ ಸುಲಭವಾಗಿ ಆಗಿರಬೇಕು ಅಂದುಕೊಂಡಿದ್ದೆ. ಅವರು ನಕ್ಕರು.

ಅವರು ಹೇಳಿದ್ದನ್ನೂ ನಾನು ಆಮೇಲೆ ಓದಿದ್ದನ್ನೂ ಸೇರಿಸಿ ಹೇಳುತ್ತೇನೆ. 1948ರ ಬ್ರಿಟಿಷ್ ಕಾಯ್ದೆಯ ಪ್ರಕಾರ ಕಾಮನ್‌ವೆಲ್ತ್ ದೇಶದವರು, ಅಂದರೆ ನಮ್ಮ ಭಾರತದ ಪಾಸ್‌ಪೋರ್ಟಿನವರೂ, ಬ್ರಿಟನ್ನಿಗೆ ಹೋಗಿ ನೆಲೆಸಬಹುದಿತ್ತು. ವೀಸಾ ಗೀಸಾ ಏನಿಲ್ಲ. ಕಾರವಾರದಿಂದ ಹಡಗಿನ ಕೆಲಸಕ್ಕೆ ಹೋದವರು ಅಲ್ಲೇ ಇಳಿದಿದ್ದರೆ ಇಳಿದಂತೆಯೇ! 1962ರ ಜುಲೈ 1ಕ್ಕೆ ಅದು ಬಂದ್ ಆಯಿತು. ದುಡಿಯಲು ಹೋಗುವವರಿಗೆ ಅಲ್ಲಿಯ ಸರ್ಕಾರ ಕೊಡುವ ಅನುಮತಿ ಚೀಟಿ, ಅಂದರೆ ಕೆಲಸದ ವೋಚರ್, ಬೇಕಾಯಿತು. ಅಜ್ಜಿ ಮತ್ತು ಆಯಿಯನ್ನು ಭಾರತೀಯರು ಮಾಡಿದ ಆದೇಶ ಬಂದು ಆಗಿನ್ನೂ ಮೂರು ತಿಂಗಳು, ನೋಡಿ.

ಆದರೂ ಮಾಮಾನಂಥವರಿಗೆ ತೊಂದರೆ ಇರಲಿಲ್ಲ, ಅವರ ಕೈಯಲ್ಲಿದ್ದದ್ದು ಖುದ್ದು ಬ್ರಿಟಿಷ್ ಸರ್ಕಾರದ ಪಾಸ್‌ಪೋರ್ಟ್. ಕೀನ್ಯಾ 1963ರಲ್ಲಿ ಸ್ವತಂತ್ರವಾಯಿತು, ಅಲ್ಲಿಯ ಪೌರತ್ವ ಕೇಳಲು ಎರಡು ವರ್ಷ ಕೊಟ್ಟರು. ಮಾಮಾನ ಅಪ್ಪ ಕೇಳಲಿಲ್ಲ. 1967ರಲ್ಲಿ ಪೌರರಲ್ಲದವರಿಗೆ ಕೆಲಸದ ಪರ್ಮಿಟ್ ಬೇಕು ಅಂತ ಕಾನೂನು ಬಂತು, ಅಂಗಡಿಯ ಲೆಕ್ಕ ಬರೆಯುವ ಕೆಲಸ ಹೋಯಿತು. ಸರಿ, ಬ್ರಿಟನ್ನಿಗೆ ಹೋಗೋಣ ಅಂತ ಎಲ್ಲರೂ ವಿಮಾನ ಹತ್ತತೊಡಗಿದರು. ಅಲ್ಲಿ ಗಲಾಟೆ ಎದ್ದು, 1968ರಲ್ಲಿ ಮೂರೇ ದಿನದಲ್ಲಿ ಸಂಸತ್ತು ಕಾಯ್ದೆ ಪಾಸು ಮಾಡಿತು. ಪಾಸ್‌ಪೋರ್ಟ್ ಇದ್ದರೆ ಸಾಲದು. ನೀನೋ, ನಿನ್ನ ಅಪ್ಪ–ಅಮ್ಮನೋ, ಅಜ್ಜ–ಅಜ್ಜಿಯೋ ಬ್ರಿಟನ್‌ನಲ್ಲೇ ಹುಟ್ಟಿದಂಥ ನಂಟು ಇರಬೇಕು. ನೈರೋಬಿಯ ಬಿಳಿಯರಿಗೆ ಅಂಥ ಅಜ್ಜಿ ಇರುತ್ತಿದ್ದಳು, ಮಾಮಾನಿಗೆ ಎಲ್ಲಿಂದ ತರಬೇಕು? ಕುಟುಂಬದ ಯಜಮಾನರಿಗೆ ವರ್ಷಕ್ಕೆ 1,500 ವೋಚರ್ ಅಂತ ಇಟ್ಟರು. ಸಾಲಿನಲ್ಲಿ ನಿಲ್ಲಬೇಕು. ಮಾಮಾ ಆರು ವರ್ಷ ನಿಂತರು.

“ಪುಸ್ತಕದ ಮೇಲೆ ಬ್ರಿಟಿಷ್ ಅಂತ ಚಿನ್ನದ ಅಕ್ಷರ. ಒಳಗೆ ಬಿಡಲ್ಲ ಅಂತ ಅದೇ ಬ್ರಿಟಿಷರು. ಎಂಥ ಹೇಳ್ತೀಯ?” ಅಂದರು ಮಾಮಾ. ಐವತ್ತು ವರ್ಷ ಕಳೆದರೂ ಅವರ ದನಿಯಲ್ಲಿ ಆ ಸಿಟ್ಟು ಇತ್ತು. ನನಗೆ ಈ ಪೌರತ್ವದ ವ್ಯವಹಾರ ಅರ್ಥವಾಗಿದ್ದು ಅಲ್ಲೇ. ಮೊದಲು ಪೌರ ಯಾರು ಅಂತ ತೀರ್ಮಾನಿಸಿ ಆಮೇಲೆ ಬಾಗಿಲು ತೆಗೆಯುತ್ತಾರೆ ಅಂದುಕೊಂಡಿದ್ದೆ. ನಡೆದದ್ದು ಉಲ್ಟಾ. ಬಾಗಿಲು ಯಾರಿಗೆ ಹಾಕಬೇಕು ಅಂತ ಮೊದಲು, ಅದಕ್ಕೆ ಹೊಂದುವ ಹಾಗೆ ಪೌರತ್ವ ಆಮೇಲೆ. 1971ರ ಕಾಯ್ದೆ ಈ ಅಜ್ಜಿಯ ಲೆಕ್ಕವನ್ನು ಇನ್ನೂ ಗಟ್ಟಿ ಮಾಡಿತು. 1981ರ ಕಾಯ್ದೆ ಪೌರತ್ವವನ್ನೇ ಆ ಲೆಕ್ಕಕ್ಕೆ ತಕ್ಕಂತೆ ಕತ್ತರಿಸಿತು, 1983ರಿಂದ ಆಚೆಗೆ ಬ್ರಿಟನ್‌ನಲ್ಲಿ ಹುಟ್ಟಿದ ಮಾತ್ರಕ್ಕೆ ಬ್ರಿಟಿಷ್ ಅಲ್ಲ.

ಬೇರೆಯವರನ್ನೇ ಯಾಕೆ ಅನ್ನಬೇಕು? ನಾನು ಕಾರವಾರದಲ್ಲಿ 1981ರಲ್ಲಿ ಹುಟ್ಟಿದೆ, ಅಷ್ಟಕ್ಕೇ ಭಾರತೀಯ. 1987ರ ಜುಲೈ 1ರಿಂದ ಆಚೆಗೆ ಹುಟ್ಟಿದವರಿಗೆ ಅಪ್ಪ ಅಮ್ಮರಲ್ಲಿ ಒಬ್ಬರಾದರೂ ಭಾರತೀಯರಿರಬೇಕು. 2004ರ ಡಿಸೆಂಬರ್ 3ರಿಂದ ಇನ್ನೂ ಬಿಗಿ, ಒಬ್ಬರು ಭಾರತೀಯರಾಗಿದ್ದರೂ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಅಸ್ಸಾಂನ ಗಲಾಟೆಯಿಂದ ಶುರುವಾದ ನಿಯಮ, ಈಗ ಕಾರವಾರದ ಆಸ್ಪತ್ರೆಯಲ್ಲಿ ಹುಟ್ಟಿದ ನನ್ನ ಮಗಳಿಗೂ ಅದೇ.

ಒಂದು ತಮಾಷೆ ಹೇಳುತ್ತೇನೆ. ಬ್ರಿಟನ್‌ನ ಆ 1971ರ ಕಾಯ್ದೆ ಜಾರಿಗೆ ಬಂದಿದ್ದು 1973ರ ಜನವರಿ 1ಕ್ಕೆ. ಅದೇ ದಿನ ಬ್ರಿಟನ್ ಯುರೋಪಿನ ಒಕ್ಕೂಟ ಸೇರಿತು. ತಾನೇ ಆಳಿದ ನಾಡಿನವರಿಗೆ ಮುಂಬಾಗಿಲ ಚಿಲಕ ಹಾಕಿದ ದಿನವೇ ಹಿತ್ತಲ ಬಾಗಿಲು ತೆಗೆದ ಹಾಗಾಯಿತು. ಹಿತ್ತಲಿನಿಂದ ಮುಂದೊಂದು ದಿನ ಪೋರ್ಚುಗೀಸ್ ಅಜ್ಜಿಯರನ್ನು ಹಿಡಿದುಕೊಂಡು ಕಾಣಕೋಣದವರು ಬರುತ್ತಾರೆ ಅಂತ ಅವರಿಗೆ ಹೊಳೆದಿರಲಿಕ್ಕಿಲ್ಲ.

2016ರ ಮೇ ತಿಂಗಳಲ್ಲಿ ಲಿಸ್ಬನ್‌ನಿಂದ ಕಾಗದ ಬಂತು. ಆಯಿಯ ಜನನ ದಾಖಲಾಗಿತ್ತು, ಎಕ್ಸ್ ಸಮೇತ. ಜೂನ್ 23ಕ್ಕೆ ಬ್ರಿಟನ್‌ನಲ್ಲಿ ಮತದಾನ, ಯುರೋಪ್ ಬೇಡ ಅಂತ ತೀರ್ಪು. ನಾವು ಹಿಡಿದ ದೋಣಿ ದಡ ಬಿಡುವ ಹೊತ್ತಿಗೇ ಗಾಳಿ ತಿರುಗಿತು.

ನಾನು ಅಲ್ಲಿಗೇ ಬಿಟ್ಟೆ. ಧೈರ್ಯ ಸಾಲಲಿಲ್ಲ ಅಂತಲೇ ಇಟ್ಟುಕೊಳ್ಳಿ. ಹುಬ್ಬಳ್ಳಿಗೆ ಹೋಗಿ ಮಾಡಿಸಿದ ನನ್ನ ನೀಲಿ ಪಾಸ್‌ಪೋರ್ಟನ್ನು ಒಪ್ಪಿಸಿಬಿಡಬೇಕು, ಆಮೇಲೆ ಓಸಿಐ ಕಾರ್ಡ್, ಭಾರತ ಮೂಲದ ವಿದೇಶಿಯರಿಗೆ ನಮ್ಮ ಸರ್ಕಾರ ಕೊಡುವುದು. ಅದರಲ್ಲಿ ವೋಟಿಲ್ಲ, ಸರ್ಕಾರಿ ಕೆಲಸವಿಲ್ಲ, ಕೃಷಿ ಜಮೀನು ಕೊಳ್ಳುವ ಹಾಗಿಲ್ಲ. ಅಪ್ಪನಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು, ಪಕ್ಕದ ಗದ್ದೆ ಮಾರಾಟಕ್ಕೆ ಬಂದರೆ ನೋಡುತ್ತಾ ನಿಲ್ಲಬೇಕು. ಪಕ್ಕದ ಗದ್ದೆ ನಿಜಕ್ಕೂ ಮಾರಾಟಕ್ಕಿತ್ತು ಆಗ, ಅದೂ ಒಂದು ಕಾರಣ.

ತಮ್ಮ ಬಿಡಲಿಲ್ಲ. 2018ರಲ್ಲಿ ಅವನಿಗೆ ಪೋರ್ಚುಗೀಸ್ ಗುರುತಿನ ಚೀಟಿ, ಆಮೇಲೆ ಪಾಸ್‌ಪೋರ್ಟ್ ಬಂತು. ಭಾರತದ್ದನ್ನು ಒಪ್ಪಿಸಿದ. ಈಗ ಕೇಳಿ. ದೇಶ ಬಿಡಲು ಅವನಿಗೆ ವಿದೇಶಿಯರ ನೋಂದಣಿ ಅಧಿಕಾರಿಯ ಅನುಮತಿ ಬೇಕು. ಜಿಲ್ಲೆಯಲ್ಲಿ ಆ ಅಧಿಕಾರಿ ಅಂದರೆ ಎಸ್‌ಪಿ. ಹುಟ್ಟಿ ಬೆಳೆದ ಊರಿನ ಪೊಲೀಸ್ ಕಚೇರಿಯಲ್ಲಿ ‘ಭಾರತದಲ್ಲಿನ ವಿಳಾಸ’ ಅನ್ನುವ ಜಾಗದಲ್ಲಿ ಅವನು ನಮ್ಮ ಮನೆಯ ವಿಳಾಸ ಬರೆದ. ಹತ್ತಿಪ್ಪತ್ತು ದಿನ ನಮ್ಮ ಮನೆಯಲ್ಲೊಬ್ಬ ವಿದೇಶಿ ಇದ್ದ, ಬೆಳಿಗ್ಗೆ ಎದ್ದು ಬಾವಿಯಿಂದ ನೀರು ಸೇದುತ್ತಿದ್ದ, ಬಂಗಡೆ ಸಾರು ಖಾರ ಕಡಿಮೆಯಾಯ್ತು ಅಂತ ಆಯಿಯ ಹತ್ತಿರ ಜಗಳ ಮಾಡುತ್ತಿದ್ದ. ನನಗೆ ಆ ಪಾದ್ರಿಯ ನೆನಪು. ತಮ್ಮನಿಗೆ ಹೇಳಲಿಲ್ಲ.

ಹೋದ. ಸ್ವಿಂಡನ್, ಅದೇ ಗೋದಾಮು, ರಾತ್ರಿ ಪಾಳಿ. ಬ್ರಿಟನ್ 2020ರ ಕೊನೆಗೆ ಆ ಬಾಗಿಲನ್ನೂ ಹಾಕಿತು. ಮೊದಲೇ ಒಳಗಿದ್ದವರು 2021ರ ಜೂನ್ 30ರೊಳಗೆ ಅರ್ಜಿ ಹಾಕಿದರೆ ಉಳಿಯಬಹುದಿತ್ತು, ಹಾಕಿದ, ಐದು ವರ್ಷ ಮುಗಿದ ಮೇಲೆ ಖಾಯಂ ವಾಸದ ಹಕ್ಕು ಸಿಕ್ಕಿತು. ಅಪ್ಪ 2019ರಲ್ಲಿ ತೀರಿಕೊಂಡಾಗ ಮಾತ್ರ ಬರಲಾಗಲಿಲ್ಲ ಅವನಿಗೆ. ಓಸಿಐ ಇನ್ನೂ ಕೈಗೆ ಬಂದಿರಲಿಲ್ಲ, ವೀಸಾ ಆಗುವಷ್ಟರಲ್ಲಿ ಹನ್ನೆರಡನೇ ದಿನ ಕಳೆದಿತ್ತು. ತಿಥಿ ನಾನೇ ಮಾಡಿದೆ. ಆಯಿ ಆ ವಿಷಯ ಇವತ್ತಿಗೂ ಎತ್ತುವುದಿಲ್ಲ, ಒಂದೇ ಒಂದು ಸಲ, “ನನ್ನ ಆಯಿಗೂ ಹೀಗೇ ಆಗಿತ್ತು” ಅಂದಿದ್ದಳು.

ಆಯಿಯ ವೋಟು ಹೋಗಲಿಲ್ಲ. 2024ರಲ್ಲೂ ಹಾಕಿ, ಬೆರಳು ತೋರಿಸಿಕೊಂಡು ಬಂದಳು. ಲಿಸ್ಬನ್‌ನ ಕಾಗದ ಗೋದ್ರೇಜ್ ಕಪಾಟಿನಲ್ಲಿ, ಲಗ್ನಪತ್ರಿಕೆಯ ಜೊತೆಗೆ ಪ್ಲಾಸ್ಟಿಕ್ ಕವರಿನಲ್ಲಿದೆ. ವರ್ಷಕ್ಕೊಮ್ಮೆ ಅಣ್ಣನ ಮನೆಗೆ ಅಂತ ಗಡಿ ದಾಟಿ ಹೋಗುತ್ತಾಳೆ. ಬರುವಾಗ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಬಸ್ ನಿಲ್ಲಿಸಿ, ಚೀಲ ತಟ್ಟಿ ನೋಡುತ್ತಾರೆ, ಗೋವಾದ ಬಾಟಲಿ ಏನಾದರೂ ಇದೆಯಾ ಅಂತ. ಅಷ್ಟೇ ಈಗ ಆ ಗಡಿ.

2024ರಲ್ಲೇ ತಮ್ಮನಿಗೆ ಮಗಳು ಹುಟ್ಟಿದಳು. ಅಪ್ಪನಿಗೆ ಖಾಯಂ ವಾಸದ ಹಕ್ಕು ಇರುವುದರಿಂದ ಹುಟ್ಟಿದಾಗಲೇ ಬ್ರಿಟಿಷ್. ವಿಡಿಯೋ ಕಾಲ್‌ನಲ್ಲಿ ಕೂಸನ್ನು ತೋರಿಸಿ, “ಆಯಿ, ನಿನ್ನ ಮೊದಲಿನ ಹೆಸರೇ ಇಡ್ತಿದೀವಿ, ಶಾಂತಾ ಅಂತ. ನಾಳೆ ರಿಜಿಸ್ಟರ್ ಮಾಡಿಸಬೇಕು” ಅಂದ. ಆಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಫೋನ್ ನನ್ನ ಕೈಗೆ ಕೊಟ್ಟು ಒಳಗೆ ಹೋದವಳು, ಬಾಗಿಲ ತನಕ ಹೋಗಿ ತಿರುಗಿ ಬಂದಳು.

“ಎಕ್ಸ್ ಹಾಕಬೇಡ ಅಂತ ಹೇಳು ಅವನಿಗೆ.”